ಕೈ ಏರುವ ಕೋನ

ಬಲಭುಜ ಹಿಡಿದುಕೊಂಡು ಕೈ ಮೇಲೇಳದಾದಾಗ ಡಾಕ್ಟರು ನನ್ನನ್ನು ಕಾರವಾರಕ್ಕೆ, ಫಿಸಿಯೊಥೆರಪಿಗೆ ಕಳಿಸಿದರು. ಅಲ್ಲಿಯ ಹುಡುಗಿ ಮೊದಲು ಮಾಡಿದ್ದು ಕಂಡು ನನಗೆ ಸೋಜಿಗ. ಹೈಸ್ಕೂಲಿನ ಕಂಪಾಸ್ ಪೆಟ್ಟಿಗೆಯಲ್ಲಿದ್ದಂಥ ಕೋನಮಾಪಕ, ಅದಕ್ಕೆ ಎರಡು ಉದ್ದ ಪಟ್ಟಿ. ಅದನ್ನು ಭುಜಕ್ಕೆ ಹಿಡಿದು, ಕೈ ಎಷ್ಟು ಏರುತ್ತದೆಂದು ಅಳೆದಳು. ನೂರಾ ಹತ್ತು ಡಿಗ್ರಿ. ರೇಖಾಗಣಿತದಲ್ಲಿ ಎರಡು ಸಲ ನಪಾಸಾದವನ ಮೈಯಲ್ಲೇ ಕೋನ!

ಗೋಡೆಯ ಮೇಲೆ ಬೆರಳು ಹತ್ತಿಸುವುದೇಕೆ, ನೋವಿಲ್ಲದ ಕೈಯಿಂದ ನೋವಿನ ಕೈ ಎಳೆಯುವುದೇಕೆ ಎಂದೆಲ್ಲ ಕೇಳುತ್ತಲೇ ಇದ್ದೆ.

"ಅಜ್ಜಾ, ನೀವು ಕೈಗಿಂತ ಬಾಯಿಗೇ ಹೆಚ್ಚು ವ್ಯಾಯಾಮ ಕೊಡ್ತ್ರಿ" ಎಂದು ನಕ್ಕಳು. "ಈಗ ಕೈ ತಲೆ ಹಿಂದೆ ಇಡಿ ನೋಡುವಾ."

ಆಗಲಿಲ್ಲ.

"ಗಂಡಸ್ರಿಗೆ ಅಂಗಿ ಹಾಕೂಕೆ ಆಗ್ತದ್ಯಾ ಕೇಳ್ತೆ. ಹೆಂಗಸ್ರಿಗೆ ತುರುಬಿಗೆ ಹೂ ಮುಡೂಕೆ ಆಗ್ತದ್ಯಾ ಕೇಳ್ತೆ."



ನನ್ನ ಹೆಂಡತಿ ಹೂ ಮುಡಿಯದೆ ಎಂಟು ವರ್ಷವಾಯಿತು. ಅಂಗಳದ ಅಬ್ಬಲಿಗೆ ಕಟ್ಟಿ ದೇವರಿಗೆ ಏರಿಸುತ್ತಾಳೆ, ತಾನು ಮುಡಿಯುವುದಿಲ್ಲ. ವಯಸ್ಸಾಯಿತೆಂದೋ, ನನ್ನ ಮೇಲಿನ ಸಿಟ್ಟಿಗೋ ಬಿಟ್ಟಳೆಂದು ತಿಳಿದಿದ್ದೆ. ಅವಳ ಭುಜವೂ ಆಗ ಹೀಗೇ ಹಿಡಿದಿತ್ತು. ಡಾಕ್ಟರು ಕಾರವಾರದಲ್ಲಿ ಹತ್ತು ದಿನದ ವ್ಯಾಯಾಮ ಬರೆದಿದ್ದರು. ನಾನು ಕರೆದೊಯ್ದದ್ದು ಎರಡೇ ದಿನ. ಗದ್ದೆಯಲ್ಲಿ ನಾಟಿ ನಡೆದಿತ್ತು. "ಗೋಡೆ ಮೇಲೆ ಬೆರಳು ಹತ್ಸೂಕೆ ಕಾರವಾರಕ್ಕೆ ಹೋಗ್ಬೇಕಾ? ನಮ್ಮನೆಗೂ ಗೋಡೆ ಅದೆ" ಎಂದು ನಾಟಿಯ ಹೆಂಗಸರೆದುರು ಅವಳನ್ನು ನಗೆ ಮಾಡಿದ್ದೆ. ಅವರೊಂದಿಗೆ ಅವಳೂ ನಕ್ಕಳು. ಮತ್ತೆ ಕಾರವಾರದ ಮಾತೆತ್ತಲಿಲ್ಲ.

ಅಂದು ಕಾರವಾರದಿಂದ ಮರಳುವಾಗ ಅಂಕೋಲೆಯ ಪುಸ್ತಕದಂಗಡಿಯಲ್ಲಿ ಒಂದು ಕೋನಮಾಪಕ ಕೊಂಡೆ. ಮನೆಗೆ ಬಂದು ಅವಳ ಭುಜಕ್ಕೆ ಹಿಡಿದೆ.

"ಇದೆಂತಾ ಹುಚ್ಚು? ರವಕೆಗೆ ಅಳತೆ ತಕಂತ್ರ್ಯಾ?"

"ಕೈ ಎತ್ತು ನೋಡುವಾ."

ಎಂಬತ್ತಕ್ಕೆ ನಿಂತಿತು. ನನ್ನದಕ್ಕಿಂತ ಮೂವತ್ತು ಕಡಿಮೆ. ಆ ಕೈಯಲ್ಲೇ ಇಷ್ಟು ವರ್ಷ ಬಾವಿಯ ನೀರು ಸೇದಿದ್ದಾಳೆ. ಹೂವಿನ ವಿಷಯ ಹೇಳಿದೆ. ತಪ್ಪು ನನ್ನದೇ ಎಂದೆ.

ಅವಳು ಹೂ ಕಟ್ಟಲು ಬಾಳೆನಾರು ಬಿಡಿಸತೊಡಗಿದಳು. "ಈಗ ನಿಮ್ಮ ಕೈ ಹಿಡೀತಲಾ, ಅದ್ಕೇ ನೆನಪಾತು."

ಹೌದು, ಅದಕ್ಕೇ. ಬೇರೆ ಕಾರಣ ಹೇಳಿದರೆ ಸುಳ್ಳಾದೀತು.

ಮೊನ್ನೆ ನನ್ನೊಡನೆ ಬಂದಳು. ಹುಡುಗಿ ಅಳೆದು ಬರೆದುಕೊಂಡಳು. ಹೆಂಡತಿ ಕೇಳಿದ್ದು ಒಂದೇ: "ತಂಗೀ, ತುರುಬಿನ ತನಕ ಹೋಗ್ತದ್ಯಾ?"

"ಹಳೇದಾಗ್ಯದೆ ಅಜ್ಜೀ, ಪೂರಾ ಅಂತ ಹೇಳೂಕೆ ಆಗೂದಿಲ್ಲ. ತಪ್ಪದೆ ಬಂದ್ರೆ ನೋಡುವಾ."

"ನಾ ಬತ್ತೆ. ಇವ್ರನ್ನ ಕೇಳು" ಎಂದು ನನ್ನತ್ತ ಗಲ್ಲ ಎತ್ತಿದಳು.

ಮೊನ್ನೆ ಹೋದೆವು, ನಿನ್ನೆ ಹೋದೆವು. ಇಂದು ಮೂರನೆಯ ದಿನ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿದೆ. ನಾನು ಚಪ್ಪಲಿ ಮೆಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದೇನೆ.