ಬೈಂಡು ಹಾಕಿದ ಡಬ್ಬಿ

ಈ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಹಾಸನದ ನಮ್ಮ ಮನೆಯ ಊಟದ ಮೇಜಿನ ಸುತ್ತ ಮೂವರಿದ್ದೆವು: ನಾನು, ಅರಕಲಗೂಡಿನಲ್ಲಿ ಟೈಲರಿಂಗ್ ಮಾಡುವ ಒಬ್ಬ ಹೆಣ್ಣುಮಗಳು, ಮತ್ತು ಹಳೆಯ ವಿಡಿಯೋ ಗೇಮುಗಳನ್ನು ಸಂಗ್ರಹಿಸುವ, ಇದೇ ಊರಿನ ಬ್ಯಾಂಕ್ ನೌಕರರೊಬ್ಬರು. ಮೇಜಿನ ಮೇಲೆ ಬ್ರೌನ್ ಪೇಪರಿನ ಬೈಂಡು ಹಾಕಿದ ಅಂಗೈಯಗಲದ ಡಬ್ಬಿ. ಒದ್ದೆ ಬಟ್ಟೆ ತಾಗಿಸಿದ ಕೂಡಲೇ ಮೈದಾ ಅಂಟಿನ ವಾಸನೆ ಎದ್ದಿತು. ಅಂಟು ನಾನು ಕಾಸಿದ್ದು, ಬೈಂಡು ನಾನು ಹಾಕಿದ್ದು. ಡಬ್ಬಿ ಸಿಸ್ಟರ್ ಅವರದು...

ನಾನು ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದಾಗ ಅವರು ಪಕ್ಕದ ಮನೆಯಲ್ಲಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಿಂದ ಬೀದಿಗೆಲ್ಲ ಸಿಸ್ಟರ್, ನನಗೂ ಸಿಸ್ಟರ್. ದುಬೈಯಲ್ಲಿದ್ದ ಅವರ ತಮ್ಮ ಕೈಯಲ್ಲಿ ಹಿಡಿದು ಆಡುವ ಗೇಮೊಂದನ್ನು ತಂದುಕೊಟ್ಟಿದ್ದ. ಹಳಿಯ ಮೇಲೆ ಬರುವ ಕಲ್ಲುಗಳಿಗೆ ಸಿಗದಂತೆ ರೈಲು ಓಡಿಸುವ ಆಟ. ಡ್ಯೂಟಿ ಮುಗಿಸಿ, ಕೈಕಾಲು ತೊಳೆದು, ಜಗಲಿಯ ಮೇಲೆ ಕಾಲು ಗಂಟೆ ಆಡುತ್ತಿದ್ದರು. ಆಮೇಲೆ ಸೆಲ್ಲು ತೆಗೆದು, ಗೇಮನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಥರ್ಮೋಕೋಲಿನಲ್ಲಿ ಕೂರಿಸಿ, ಡಬ್ಬಿಯನ್ನು ಷೋಕೇಸಿನಲ್ಲಿ ಚಿತ್ರ ಕಾಣುವಂತೆ ಇಡುತ್ತಿದ್ದರು. ಕೆಂಪು ರೈಲು, ಹಿಂದೆ ಹಿಮದ ಬೆಟ್ಟ. ಆಟದ ಪರದೆಯಲ್ಲಿ ಬೆಟ್ಟವೂ ಇರಲಿಲ್ಲ, ಬಣ್ಣವೂ ಇರಲಿಲ್ಲ, ಬರೀ ಕಪ್ಪು ಗೀಟು.

"ಆಟ ಕೈಗೆ ಮೇಷ್ಟ್ರೆ, ಡಬ್ಬಿ ಕಣ್ಣಿಗೆ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸೈಕಲ್ಲಿನಿಂದ ಬಿದ್ದು ನನ್ನ ಕಾಲು ಮುರಿಯಿತು. ಇಂಜೆಕ್ಷನ್ ಕೊಡಲು ಬಂದ ಸಿಸ್ಟರ್ ಒಂದು ದಿನ ಡಬ್ಬಿಯನ್ನು ನನ್ನ ದಿಂಬಿನ ಪಕ್ಕ ಇಟ್ಟರು. "ಡಬ್ಬಿ ಸಮೇತ ಕೊಡ್ತಿದೀನಿ. ಡಬ್ಬಿ ಸಮೇತ ವಾಪಸ್ ಬರ್ಬೇಕು." ಒಂದೂವರೆ ತಿಂಗಳು, ದಿನಾ ನಾಲ್ಕರಿಂದ ನಾಲ್ಕೂಕಾಲಿನವರೆಗೆ ಆಡಿದೆ. ದಿಂಬಿಗೆ ಉಜ್ಜಿ ಡಬ್ಬಿಯ ಮೂಲೆಗಳು ಸ್ವಲ್ಪ ಸವೆದವು.

ನಾನು ಎದ್ದು ಓಡಾಡುವಷ್ಟರಲ್ಲಿ ಜೂನ್ ಬಂದಿತ್ತು. ಜೂನ್ ಬಂತೆಂದರೆ ಮನೆಯ ಪುಸ್ತಕಗಳಿಗೆಲ್ಲ ಬೈಂಡು ಹಾಕುವುದು ನನ್ನ ಪದ್ಧತಿ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದೆ. ಉಪಕಾರಕ್ಕೆ ಉಪಕಾರವಾಗಲಿ ಎಂದು ಡಬ್ಬಿಗೂ ಬೈಂಡು ಹಾಕಿದೆ. ಗುಳ್ಳೆ ಏಳಬಾರದೆಂದು ಮುಂದಿನ ಮುಖಕ್ಕೆ ಅಂಟನ್ನು ಪೂರ್ತಿ ಬಳಿದೆ. ಮೇಲೆ ಲೇಬಲ್ಲು. ಹೆಸರಿನ ಜಾಗದಲ್ಲಿ 'ಸಿಸ್ಟರ್', ವಿಷಯದ ಜಾಗದಲ್ಲಿ 'ಆಟ'.

ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ನೀಟಾಗಿ ಹಾಕಿದೀರಿ ಮೇಷ್ಟ್ರೆ" ಎಂದರು. ಮರುವಾರದಿಂದ ಅದು ಷೋಕೇಸಿನಲ್ಲಿ ಕಾಣಲಿಲ್ಲ. ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ ಎಂದುಕೊಂಡು ಸಮಾಧಾನಪಟ್ಟೆ. ಆಮೇಲೆ ನನಗೆ ವರ್ಗವಾಯಿತು. ಹೊಸ ವರ್ಷಕ್ಕೊಂದು ಕಾಗದ, ಕೊನೆಕೊನೆಗೆ ಅದೂ ಇಲ್ಲ... ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳ ಮೇಲೆ.

ಮೇಜಿನ ಎದುರು ಕೂತಿದ್ದ ಹೆಣ್ಣುಮಗಳು ಸಿಸ್ಟರ್ ಮಗಳು. ಬೀರು ಖಾಲಿ ಮಾಡುವಾಗ ಡಬ್ಬಿ ಸಿಕ್ಕಿತಂತೆ. ಲೇಬಲ್ಲಿನ ಅಕ್ಷರ ಗುರುತಿಸಿ ನನಗೆ ಫೋನ್ ಮಾಡಿದ್ದಳು. ಗೇಮ್ ಕೆಟ್ಟಿತ್ತು. ಆದರೂ ಮಾರಿದರೆ ಸೀರೆಯ ಅಂಚು ಹೊಲಿಯುವ ಪೀಕೋ ಮಿಷನ್ನಿಗೆ ದಾರಿಯಾದೀತೇ ಎಂದು ಅವಳ ಆಸೆ. ಬ್ಯಾಂಕಿನವರನ್ನು ಹುಡುಕಿ ಕರೆಸಿದವನು ನಾನು.

ಅವರು ಗೇಮನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಡಬ್ಬಿಯನ್ನೇ ಹಿಡಿದುಕೊಂಡರು. "ಗೇಮ್ ಎಷ್ಟೋ ಜನರ ಹತ್ರ ಇದೆ ಮೇಡಂ. ಡಬ್ಬಿ ಎಲ್ಲರೂ ಎಸೆದ್ಬಿಟ್ರು. ಬೈಂಡಿನ ಅಡಿ ಚಿತ್ರ ಪೂರ್ತಿ ಇದ್ರೆ ನಿಮ್ಮ ಮಿಷನ್ ಬಂತು ಅಂತ್ಲೇ ತಿಳ್ಕೊಳ್ಳಿ."

"ಅಂದ್ರೆ ಹಣ್ಣಿಗಿಂತ ಸಿಪ್ಪೆಗೇ ಬೆಲೆ ಅನ್ನಿ" ಎಂದು ಅವಳು ನಕ್ಕಳು. "ನಮ್ಮೂರ ಸಂತೇಲಿ ಇಂಗಂದ್ರೆ ಓಡಿಸ್ಬುಡ್ತಾರೆ ಕಣಣ್ಣ."

ಒದ್ದೆ ಬಟ್ಟೆ ಒತ್ತುತ್ತ ಬೈಂಡು ಬಿಡಿಸತೊಡಗಿದೆ. ಹಿಂದಿನ ಮುಖ, ಪಕ್ಕಗಳು ಸಲೀಸಾಗಿ ಬಿಟ್ಟುಕೊಂಡವು. ಮುಂದಿನ ಮುಖಕ್ಕೆ ಬಂದೆ. ಬಲಗಡೆ ಮೇಲಿನ ಮೂಲೆಯಲ್ಲಿ ಕಾಗದ ಮೊದಲೇ ಒಮ್ಮೆ ಎದ್ದಿತ್ತು. ಉಗುರಿನಿಂದ ನಿಧಾನವಾಗಿ ಎಬ್ಬಿಸಿದ ಗುರುತು. ಅಲ್ಲಿ ಇದ್ದದ್ದು ನನ್ನ ಅಂಟಲ್ಲ, ಒಣಗಿದ ಅನ್ನದ ಅಗುಳು. ಅದರಡಿಯಲ್ಲಿ ಬೆಟ್ಟದ ತುದಿ ಇರಲಿಲ್ಲ, ಬರೀ ರಟ್ಟು. ಚಿತ್ರ ಕಾಗದದ ಜೊತೆ ಕಿತ್ತು ಬಂದಿತ್ತು.

ಸಿಸ್ಟರ್ ಬಿಡಿಸಲು ನೋಡಿದ್ದಾರೆ. ಬರುವುದಿಲ್ಲವೆಂದು ತಿಳಿದು, ನನಗೆ ಗೊತ್ತಾಗದಂತೆ ಮತ್ತೆ ಅಂಟಿಸಿದ್ದಾರೆ.

ಇನ್ನೊಂದು ಮೂಲೆಯಲ್ಲೂ ನೋಡಿದೆ. ರೈಲಿನ ಗಾಲಿ ಕಾಗದಕ್ಕೇ ಹತ್ತಿಕೊಂಡು ಬಂತು. ಬಟ್ಟೆ ಕೆಳಗಿಟ್ಟೆ.

"ತಪ್ಪು ನನ್ನದು ಕಣಮ್ಮ" ಎಂದೆ.

"ಅಮ್ಮನೇ ಏನೂ ಅನ್ಲಿಲ್ಲ. ನಾನೇನಂತ ಅನ್ಲಿ ಮೇಷ್ಟ್ರೆ" ಎಂದಳು.

ಬ್ಯಾಂಕಿನವರು ಗೇಮ್, ಸೂಚನೆಯ ಪುಸ್ತಕ, ಥರ್ಮೋಕೋಲು ತೆಗೆದುಕೊಂಡರು. ಅದಕ್ಕೆ ಕೊಟ್ಟದ್ದರಲ್ಲಿ ಪೀಕೋ ಮಿಷನ್ ಬರುವುದಿಲ್ಲ. ಡಬ್ಬಿ ಬೇಡವೆಂದು ಬಿಟ್ಟು ಅವರು ಹೊರಟರು. ಮಿಷನ್ನಿಗೆ ಕಡಿಮೆ ಬಿದ್ದ ಹಣ ನಾನು ಕೊಡುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಡಬ್ಬಿ ಎತ್ತಿಕೊಂಡಳು. "ದಾರದ ಬಾಬಿನ್ ಹಾಕಿಡಕ್ಕೆ ಸರಿಹೋಯ್ತದೆ. ಬಿಚ್ಚಿರೋ ಕಡೆ, ಈ ಎರಡು ಮೂಲೆ ಅಂಟಿಸಿಕೊಡಿ."

ಒಂದು ಚಮಚ ಮೈದಾ ಕಾಸಿದೆ. ಈ ಸಲ ತುದಿಗೆ ಮಾತ್ರ, ಕಡ್ಡಿಯಲ್ಲಿ ಮುಟ್ಟಿಸಿ ಅಂಟಿಸಿದೆ. ಒಣಗುವವರೆಗೆ ಇಬ್ಬರೂ ಕಾಫಿ ಕುಡಿದೆವು. ಐದೂಕಾಲಿಗೆ ಅವಳನ್ನು ಅರಕಲಗೂಡಿನ ಬಸ್ಸು ಹತ್ತಿಸಿ ಬಂದು, ಅಂಟಿನ ಬಟ್ಟಲು ತೊಳೆದು ಕವುಚಿ ಹಾಕಿದೆ.