ಎಣ್ಣೆ ಹಚ್ಚಿದ ತಲೆಯ ನಿದ್ದೆ ಪರೀಕ್ಷೆ

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ, ಆದೋನಿಯ ನಮ್ಮ ಮನೆ ಮುಂದೆ ನಿಂತಿದ್ದ ಹತ್ತಿ ಲಾರಿ ಸ್ಟಾರ್ಟ್ ಆಯಿತು. ಮಾಳಿಗೆ ಮೇಲೆ ಮಲಗಿದ್ದ ನಾನು ಬಗ್ಗಿ ನೋಡಿದೆ. ಅಕ್ಕನ ಏಳು ವರ್ಷದ ಮಗಳು ಹಿಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಪುಣ್ಯಕ್ಕೆ ಡ್ರೈವರನಿಗೆ ಕೇಳಿಸಿತು. ಲಾರಿ ಕದಲಲಿಲ್ಲ.

ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ನಿದ್ದೆ ಅದಕ್ಕಿಂತ ಕಡಿಮೆ. ಚಿಲಕ ತೆಗೆಯುವುದನ್ನು ಆ ವಾರವಷ್ಟೇ ಕಲಿತಿದ್ದಳು. ಮರುದಿನವೇ ಬಾಗಿಲ ಮೇಲ್ತುದಿಗೆ ಇನ್ನೊಂದು ಚಿಲಕ ಹಾಕಿಸಿದೆವು. ಸ್ಟೂಲ್ ಎಳೆಯುವುದನ್ನೂ ಅವಳು ಕಲಿತಾಳೆಂದು ಹೆದರಿ ಅಕ್ಕ, ಅವ್ವ, ನಾನು ಸರದಿಯಲ್ಲಿ ಎಚ್ಚರ ಕೂತೆವು.

ಇಂಥ ಮಕ್ಕಳ ಮೆದುಳು ನಿದ್ದೆಯಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಕರ್ನೂಲಿನ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ತಲೆಗೆ ತಂತಿ ಅಂಟಿಸಿ ರಾತ್ರಿ ಅಲ್ಲೇ ಮಲಗಿಸುತ್ತಾರೆ. ಅದಕ್ಕೆ ನಮ್ಮವಳನ್ನೂ ಸೇರಿಸಿದೆವು. ತಲೆ ತೊಳೆದು ಬನ್ನಿ ಎಂದಿದ್ದರು, ತೊಳೆದೆವು. ಹೊರಡುವಾಗ ಅವ್ವ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಳು. ಅಲ್ಲಿ ತಂತಿಗಳು ಒಂದೊಂದಾಗಿ ಜಾರಿ ಬಿದ್ದವು.

"ಎಣ್ಣಿ ಹಚ್ಚೀರೇನಮ್ಮಾ?" ಎಂದರು ಡಾಕ್ಟರಮ್ಮ.

"ಪರ ಊರಿಗಿ ಹೋಗೂ ಹುಡುಗೀನ್ನ ಒಣ ತಲೀಲೆ ಕರಕೊಂಡ ಬರ್ತಾರೇನ್ರಿ? ನೋಡಿದವ್ರು ನನಗ ಅಂತಾರ," ಎಂದಳು ಅವ್ವ.

"ಮಷೀನು ಏನೂ ಅನ್ನೋದಿಲ್ಲಮ್ಮಾ."

ಮತ್ತೆ ತಲೆ ತೊಳೆದಾಗ ಮಗು ರಂಪ ಮಾಡಿ, ತಂತಿ ಮುಟ್ಟಗೊಡಲಿಲ್ಲ. "ಮೊದ್ಲ ನನಗ ಹಚ್ರಿ," ಎಂದು ಅವ್ವ ತಲೆ ಒಡ್ಡಿದಳು. ಅವಳದೂ ಎಣ್ಣೆ ತಲೆಯೇ. ಪಟ್ಟಿ ಸುತ್ತಿ ಎರಡು ತಂತಿ ನಿಲ್ಲಿಸಿದರು. ಮಗು ಅಜ್ಜಿಯನ್ನು ಬಹಳ ಹೊತ್ತು ನೋಡಿತು, ತಂತಿ ಜಗ್ಗಿತು, ನಕ್ಕಿತು, ತಾನೂ ತಲೆ ಬಗ್ಗಿಸಿತು. ಅವ್ವ ಆ ವೇಷದಲ್ಲೇ ಕುರ್ಚಿಯಲ್ಲಿ ಗೊರಕೆ ಹೊಡೆದಳು.

ಬೆಳಿಗ್ಗೆ ಡಾಕ್ಟರಮ್ಮ ಮಷೀನು ಬರೆದ ಗೆರೆಗಳನ್ನು ತೋರಿಸಿದರು. ನಾವು ಎಂಟಕ್ಕೇ ದೀಪ ಆರಿಸಿ ಮಲಗಿಸಿದ್ದರೂ ಮೆದುಳು ರಾತ್ರಿ ಎರಡು ದಾಟುವವರೆಗೆ ಪೂರಾ ಎಚ್ಚರ. ಹಗಲು ಮಲಗಿಸ್ತೀರಾ ಎಂದು ಕೇಳಿದರು. ನಮ್ಮ ಕಡೆ ಬಿಸಿಲೇರಿದರೆ ಬಾಗಿಲು ಹಾಕಿ ಮನೆಯವರೆಲ್ಲ ಮಲಗುವುದು ರೂಢಿ. ರಾತ್ರಿ ನಿದ್ದೆಗೆಟ್ಟ ಕೂಸೆಂದು ಅವಳನ್ನು ಸಂಜೆವರೆಗೂ ಎಬ್ಬಿಸುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಇದೇ ಕಾರಣವಲ್ಲ, ಇವಳಿಗೆ ಹಗಲು ನಿದ್ದೆ ಬಿಡಿಸಿ, ದಿನಾ ಒಂದೇ ಹೊತ್ತಿಗೆ, ತಡವಾಗಿಯೇ ಮಲಗಿಸಿ ನೋಡಿ ಎಂದರು.

"ಅಂದ್ರ ಆಕಿ ಹಟ ಮಾಡ್ಲಿಲ್ಲ," ಎಂದಳು ಅವ್ವ. "ಹಗಲ ನಾವ ಮಲಗ್ಸಿ, ರಾತ್ರಿ ನಾವ ಬೈದ್ವಿ."

ಅವಳನ್ನು ಎಚ್ಚರವಿಡುವ ಮಧ್ಯಾಹ್ನಗಳು ಸುಲಭವಿರಲಿಲ್ಲ. ಅವಳ ಬದಲು ಅವ್ವನೇ ತೂಕಡಿಸುತ್ತಿದ್ದಳು. ತಿಂಗಳುಗಳು ಕಳೆದವು. ಶ್ರಾವಣದ ಒಂದು ಸೋಮವಾರ ಹಾಲಿನವನು ಬಾಗಿಲು ಬಡಿದ.

"ಅಕ್ಕಾರ, ಮನ್ಯಾಗ ಅದೀರೋ, ಊರಿಗಿ ಹೋಗೀರೋ?"

ಎಚ್ಚರವಿರುವ ಸರದಿ ನನ್ನದಾಗಿತ್ತು. ನಾನೂ ಮಲಗಿಬಿಟ್ಟಿದ್ದೆ. ಗಡಬಡಿಸಿ ಎದ್ದು ಚಿಲಕ ನೋಡಿದೆ. ಬಾಗಿಲು ಹಾಕಿದಂತೆಯೇ ಇತ್ತು. ಮಗು ಅಕ್ಕನ ಮೇಲೆ ಕಾಲು ಹಾಕಿ, ಬಾಯಿ ತೆರೆದು ಮಲಗಿತ್ತು. ಬಿಸಿಲು ಅಂಗಳಕ್ಕೆ ಬಂದಿತ್ತು.