ಟವಲಿನ ಕೆಳಗೆ ಕೇಳಿದ ಪ್ರಶ್ನೆ

ಬೆಂಗಳೂರಿನ ಪತ್ರಿಕೆಯವನು ನಮ್ಮ ಶಿಡ್ಲಘಟ್ಟಕ್ಕೆ ಬಂದದ್ದು ಚಿಕ್ಕ ರೈಲಿನಲ್ಲಿ. ಗೌರಿಬಿದನೂರು, ಚಿಕ್ಕಬಳ್ಳಾಪುರ ಮುಗಿಸಿಕೊಂಡು ಬಂದಿದ್ದ. ನಮ್ಮಲ್ಲಿ ಮುಗಿಸಿ ಚಿಂತಾಮಣಿಗೆ ಹೋಗುವವನಿದ್ದ. ಅರವತ್ತರ ದಶಕದ ನಡುವಿನ ಮಾತು, ಈಗ ಹತ್ತು ವರ್ಷವಾಗಿರಬೇಕು. ಆಗ ಚುನಾವಣೆ ಹತ್ತಿರ ಬರುತ್ತಿತ್ತು. ರಾಜಕೀಯದಲ್ಲಿ ನೀವು ಅತಿ ಹೆಚ್ಚು ಮೆಚ್ಚುವ ಮನುಷ್ಯ ಯಾರು ಎಂದು ಅವನು ಜನರನ್ನು ಕೇಳುತ್ತಿದ್ದ. ದೇಶದಲ್ಲಿ ಯಾರು, ನಿಮ್ಮ ತಾಲ್ಲೂಕಿನಲ್ಲಿ ಯಾರು. ಹೀಗೆ ಕೇಳಿ ಬರೆದುಕೊಂಡು ಹೋಗುವುದನ್ನು ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ.

ತಾಲ್ಲೂಕಿನ ಪ್ರಶ್ನೆಗೆ ಉತ್ತರ ನಮ್ಮಪ್ಪ ಎಂದು ನಾನು ತಿಳಿದಿದ್ದೆ. ಅಪ್ಪನೂ ಹಾಗೇ ತಿಳಿದಿದ್ದ.

ಅಪ್ಪ ರೇಷ್ಮೆಗೂಡಿನ ಮಂಡಿಯಲ್ಲಿ ದಲ್ಲಾಳಿ. ಗೂಡು ತರುವ ರೈತನಿಗೂ, ಅದನ್ನು ಕೊಂಡು ನೂಲು ಬಿಚ್ಚುವವನಿಗೂ ನಡುವೆ ನಿಂತು ಬೆಲೆ ಕುದುರಿಸುವವನು. ಅದು ಹೊಟ್ಟೆಪಾಡು. ಮನಸ್ಸು ಇದ್ದದ್ದು ಊರಿನ ಕೆಲಸದಲ್ಲಿ. ಹುಡುಗನಾಗಿದ್ದಾಗ ಬ್ರಿಟಿಷರ ವಿರುದ್ಧ ನಡೆದ ಸಭೆಗೆ ಹೋಗಿ ಲಾಠಿ ಏಟು ತಿಂದು ಜೈಲು ಸೇರಿದ್ದ. ಸ್ವಾತಂತ್ರ್ಯ ಬಂದಮೇಲೆ ಪುರಸಭೆಗೆ ಗೆದ್ದ. ಐವತ್ತರ ದಶಕ ಪೂರ್ತಿ ನಮ್ಮ ಮನೆಯ ಜಗಲಿ ಖಾಲಿ ಇದ್ದದ್ದು ನಾನು ನೋಡಿಲ್ಲ. ನಲ್ಲಿ ಬೇಕಾದವರು, ಖಾತೆ ಆಗದವರು, ಅಣ್ಣತಮ್ಮಂದಿರು ಹೊಡೆದಾಡಿಕೊಂಡವರು ಬಂದು ಕೂತಿರುತ್ತಿದ್ದರು. ಅಪ್ಪ ಎಲ್ಲರ ಜೊತೆಗೂ ಕಚೇರಿಗೆ ನಡೆಯುತ್ತಿದ್ದ. ಲಂಚ ಕೊಡುತ್ತಿರಲಿಲ್ಲ, ಅವರಿಗೂ ಕೊಡಲು ಬಿಡುತ್ತಿರಲಿಲ್ಲ. ಅದಕ್ಕೇ ಅರ್ಧ ಕೆಲಸ ಆಗುತ್ತಿರಲಿಲ್ಲ. ಆದರೂ ಬರುತ್ತಿದ್ದರು.

“ಊರಿಗೆಲ್ಲಾ ನಲ್ಲಿ ಹಾಕಿಸ್ತೀರ, ನಾನು ಮಾತ್ರ ಬಾವಿ ಸೇದ್ಬೇಕು,” ಎಂದು ಅಮ್ಮ ಅನ್ನುತ್ತಿದ್ದಳು.

“ಜನ ಮರ್ಯಾದೆ ಕೊಡ್ತಾರೆ ಕಣೇ. ಅಷ್ಟು ಸಾಕು.”

“ಆ ಮರ್ಯಾದೇನ ಬೇಯಿಸ್ಲಾ, ಹುರೀಲಾ?”

ಅಮ್ಮ ತಮಾಷೆಗೆ ಅಂದದ್ದು. ಅಪ್ಪನದು ತಮಾಷೆಯಲ್ಲ. ಅವನಿಗೆ ಹೊಲ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ. ಇದ್ದದ್ದು ಅದೊಂದೇ.

ಅವನಿಗೆ ಒಬ್ಬ ಗೆಳೆಯ. ಮುಸಲ್ಮಾನರ ಬೀದಿಯಲ್ಲಿ ಚರಕ ಇಟ್ಟುಕೊಂಡು ನೂಲು ಬಿಚ್ಚುವವನು. ಅದೇ ಸಭೆಗೆ ಹೋಗಿ, ಅದೇ ಜೈಲಿನಲ್ಲಿ ಅಪ್ಪನ ಪಕ್ಕ ಮಲಗಿದ್ದವನು. ನಾನು ಅವನನ್ನು ಚಾಚಾ ಅನ್ನುತ್ತಿದ್ದೆ. ಸಂಜೆ ಅವನು ಜಗಲಿಗೆ ಬರದಿದ್ದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ಕೈಮೇಲೆ ಹರಡುತ್ತಾನೆ. ಕೊಳ್ಳುವವನೂ ಮಾರುವವನೂ ಸರದಿಯಲ್ಲಿ ಅದರ ಕೆಳಗೆ ಕೈ ಹಾಕಿ ದಲ್ಲಾಳಿಯ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು, ಹೇಗೆ ಹಿಡಿದ ಅನ್ನುವುದರ ಮೇಲೆ ಬೆಲೆ. ಸುತ್ತ ನಿಂತವರಿಗೆ ಟವಲು ಮಾತ್ರ ಕಾಣುತ್ತದೆ. ಬಾಯಿ ಬೇಕಾದ್ದು ಹರಟುತ್ತಿರುತ್ತದೆ, ಮಳೆ, ಬೆಳೆ, ಮಗಳ ಮದುವೆ. ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ವ್ಯಾಪಾರವೆಲ್ಲ ಬೆರಳಿನದು.

ಪತ್ರಿಕೆಯವನು ಮಂಡಿಗೆ ಬಂದಾಗ ಬೆಳಗಿನ ವ್ಯಾಪಾರ ಮುಗಿಯುತ್ತಾ ಇತ್ತು. ನಾನು ಅಪ್ಪನ ತಕ್ಕಡಿಯ ಹತ್ತಿರ ಇದ್ದೆ. ದೇಶದ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಹೇಳಿ ಮುಗಿಸಿದರು, ತೀರಿಹೋದ ಪ್ರಧಾನಿಯ ಹೆಸರು. ಆಮೇಲೆ ತಾಲ್ಲೂಕಿನದು ಕೇಳಿದ. ಎದುರಿಗಿದ್ದ ಮೇಲೂರಿನ ರೈತ ಅಪ್ಪನ ಕಡೆ ಕೈ ತೋರಿಸಿದ.

“ಇನ್ಯಾರು, ಇವ್ರೇ. ಬರ್ಕೊಳಪ್ಪ.”

ಅವನ ಪಕ್ಕದವನೂ ಹಾಗೇ ಅಂದ. ಅವನ ಹಿಂದಿನವನೂ ಅಂದ. ಅಪ್ಪ ನೆಲ ನೋಡುತ್ತಾ ನಿಂತಿದ್ದ. ಖುಷಿಯಾದಾಗ ಅವನು ನಿಲ್ಲುವುದು ಹಾಗೆ.

ರೇಷ್ಮೆ ನೂಲಿಗೆ ಹುರಿ ಹಾಕುವ ಮಿಲ್ಲಿನ ಸಾಹುಕಾರರ ಗುಮಾಸ್ತ ಅಲ್ಲೇ ಬೀಡಿ ಸೇದುತ್ತಿದ್ದ. ಸಾಹುಕಾರರು ಆಗತಾನೇ ರಾಜಕೀಯಕ್ಕೆ ಕಾಲಿಟ್ಟಿದ್ದರು. ಕೆಟ್ಟವರಲ್ಲ. ಕರೆಂಟು ಬೇಕೆಂದರೆ ಕಂಬ ನೆಡಿಸುತ್ತಿದ್ದರು, ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ.

“ಏನ್ ಸ್ವಾಮಿ ಇದು,” ಎಂದ ಗುಮಾಸ್ತ. “ಮದ್ವೆ ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹುಡುಗ ಹೆಂಗವ್ನೆ ಅಂತ ಕೇಳ್ದಂಗಾಯ್ತು.”

ಜನ ನಕ್ಕರು. ಅಪ್ಪನೂ ನಕ್ಕ. ಆದರೆ ಕಿವಿ ಕೆಂಪಾಗಿತ್ತು.

“ನೀನು ಹೇಳೋದು ಸರಿ ಕಣಯ್ಯ,” ಎಂದು ಅಪ್ಪ ಹೆಗಲ ಮೇಲಿನ ಟವಲು ತೆಗೆದ. ಪತ್ರಿಕೆಯವನ ಕೈಮೇಲೆ ಹರಡಿದ. “ಬಾಯಲ್ಲಿ ಕೇಳ್ಬೇಡಿ ಸಾರ್. ನಮ್ಮಲ್ಲಿ ಬಾಯಿಗೆ ಬೆಲೆ ಇಲ್ಲ. ಟವಲ್ ಕೆಳಗೆ ಕೇಳಿ. ನಾನು ಅಂದ್ರೆ ಒಂದು ಬೆರಳು. ಸಾಹುಕಾರ್ರು ಅಂದ್ರೆ ಎರಡು. ಇನ್ಯಾರಾದ್ರೂ ಆದ್ರೆ ಮೂರು. ನಾನು ಆ ಕಡೆ ಹೋಗ್ತೀನಿ.”

ಚಾಚಾ ಬಂದು ಅಪ್ಪನ ತೋಳು ಹಿಡಿದ. “ಬೇಡ ಕಣೋ. ಅದು ಗೂಡಿಗೆ ಇರೋದು. ಮನ್ಷನಿಗೆ ಯಾಕೆ?”

“ಯಾಕೋ, ಭಯಾನಾ ನಿಂಗೆ?”

“ನಂಗ್ಯಾಕೆ ಭಯ.”

“ಮತ್ತೆ ಸುಮ್ನಿರು. ಟವಲ್ ಕೆಳಗೆ ಯಾವನೂ ಸುಳ್ಳು ಹೇಳಲ್ಲ.”

ಅಪ್ಪ ಬಂದು ನನ್ನ ಪಕ್ಕ ನಿಂತ. ಅಲ್ಲಿಂದ ಮಾತು ಕೇಳಿಸುತ್ತಿರಲಿಲ್ಲ, ಟವಲು ಚೆನ್ನಾಗಿ ಕಾಣುತ್ತಿತ್ತು.

ಟವಲಿನ ಕೆಳಗೆ ಏನು ನಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂದೆ. ಹಳೆಯ ದಲ್ಲಾಳಿಗೆ ಗೊತ್ತಾಗುತ್ತದೆ. ಒಂದು ಬೆರಳು ಹಿಡಿದರೆ ಮೊಣಕೈ ಅಲ್ಲಾಡುವುದಿಲ್ಲ, ಬಟ್ಟೆ ನೇರ ಬಿದ್ದಿರುತ್ತದೆ. ಎರಡು ಹಿಡಿಯಬೇಕಾದರೆ ಮಣಿಕಟ್ಟು ತಿರುಗಬೇಕು, ಟವಲಿನ ಅಂಚು ಸ್ವಲ್ಪ ಮೇಲೇಳುತ್ತದೆ. ಮೂರಕ್ಕೆ ಹೆಗಲೂ ಬಾಗುತ್ತದೆ. ಪಕ್ಕದ ದಲ್ಲಾಳಿ ಎಷ್ಟಕ್ಕೆ ಮುಗಿಸಿದ ಎಂದು ಅಪ್ಪ ದೂರದಿಂದಲೇ ಹೇಳುತ್ತಿದ್ದ. ನನಗೂ ಅದನ್ನು ಕಲಿಸಿದ್ದ.

ಮೊದಲು ಹೋದವನು ಮೇಲೂರಿನ ರೈತ. ಟವಲಿನ ಅಂಚು ಮೇಲೆದ್ದಿತು. ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಅವನ ಪಕ್ಕದವನು. ಮೇಲೆದ್ದಿತು. ನಲ್ಲಿಗೆಂದು ಬೇಸಿಗೆ ಪೂರ್ತಿ ನಮ್ಮ ಜಗಲಿಯಲ್ಲಿ ಕೂತವನು ಹೋದ. ಮೇಲೆದ್ದಿತು. ನಾನು ಅಪ್ಪನ ಮುಖ ನೋಡಲಿಲ್ಲ. ಅಪ್ಪನೂ ನನ್ನ ಕಡೆ ತಿರುಗಲಿಲ್ಲ. ಇಬ್ಬರೂ ಆ ಹಾಳು ಟವಲನ್ನೇ ನೋಡುತ್ತಾ ನಿಂತೆವು.

ಒಂದು ಬೆರಳು ಹಿಡಿದವರು ಇರಲೇ ಇಲ್ಲ ಅಂತಲ್ಲ. ಜಂಗಮಕೋಟೆಯಿಂದ ಬಂದಿದ್ದ ಒಂದಿಬ್ಬರು ಹಿಡಿದರು. ಅವರಿಗೆ ಅಪ್ಪನ ಪರಿಚಯವೂ ಅಷ್ಟಿರಲಿಲ್ಲ. ಗೂಡು ಆರಿಸುತ್ತಿದ್ದ ಮುದುಕಿಯೊಬ್ಬಳು, “ನಮ್ಮನ್ನೂ ಕೇಳಪ್ಪ, ನಮ್ಮದು ಈ ದಲ್ಲಾಳೀನೇ,” ಎಂದು ಕೂಗಿ ಹೇಳಿದಳು. ಹೆಂಗಸರು ಗಂಡಸಿನ ಟವಲಿನ ಕೆಳಗೆ ಕೈ ಹಾಕುವುದಿಲ್ಲ. ಪತ್ರಿಕೆಯವನು ನಕ್ಕು ಮುಂದಿನವನನ್ನು ಕರೆದ. ಅವಳ ಮಾತು ಬಾಯಲ್ಲೇ ಉಳಿಯಿತು.

ಕೊನೆಗೆ ಚಾಚಾ ಹೋದ. ಬಹಳ ಹೊತ್ತು ಕೈ ಒಳಗೆ ಇಟ್ಟಿದ್ದ. ಆಮೇಲೆ ಚಾಚಾನ ಮಣಿಕಟ್ಟು ತಿರುಗಿತು.

ಪತ್ರಿಕೆಯವನು ಟವಲು ವಾಪಸು ತಂದುಕೊಟ್ಟ. “ಏನಾಯ್ತು ಹೇಳ್ಲಾ?” ಎಂದ.

“ಬೇಡಪ್ಪ. ಪೇಪರ್‌ನಲ್ಲಿ ಬರುತ್ತಲ್ಲ, ನೋಡ್ಕೊತೀನಿ.”

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಉಳಿದಿದ್ದ ಗೂಡಿನ ವ್ಯಾಪಾರ ಮುಗಿಸಿದ. ಮನೆಗೆ ಹೋಗುವ ದಾರಿಯಲ್ಲಿ ಕೇಳಿದ, “ನೀನೂ ನೋಡ್ದೆ ಅಲ್ವೇನಪ್ಪ?”

“ಏನು ನೋಡ್ದೆ?”

“ನಂಗೇ ಹೇಳ್ತೀಯಾ? ಕಲಿಸಿದ್ದು ನಾನೇ ಕಣೋ.” ಸ್ವಲ್ಪ ದೂರ ನಡೆದು, “ಅಮ್ಮಂಗೆ ಹೇಳ್ಬೇಡ,” ಎಂದ.

ಪೇಪರು ಬಂತು. ಟೀ ಹೋಟೆಲಿನಲ್ಲಿ ಓದಿಸಿ ಕೇಳಿದೆ. ದೇಶದ ದೊಡ್ಡವರ ವಿಷಯ ಮಾತ್ರ ಇತ್ತು, ಯಾರು ಮುಂದೆ, ಯಾರು ಹಿಂದೆ ಎಂದು. ತಾಲ್ಲೂಕಿನದು ಒಂದು ಸಾಲೂ ಇರಲಿಲ್ಲ. ಅದನ್ನು ಹಾಕಲೇ ಇಲ್ಲ. ಯಾರಿಗೂ ಬೇಡದ ಪ್ರಶ್ನೆ ಕೇಳಿ ನಮ್ಮಪ್ಪನನ್ನು ಕೊಂದು ಹೋಗಿದ್ದ ಅವನು.

ಅಪ್ಪ ಜಗಳ ಆಡಲಿಲ್ಲ. ಯಾರನ್ನೂ ಏನೂ ಕೇಳಲಿಲ್ಲ. ಮಂಡಿಗೆ ಹೋಗುತ್ತಿದ್ದ, ಬರುತ್ತಿದ್ದ. ಜಗಲಿಗೆ ಜನ ಬಂದರೆ ಮಾತ್ರ, “ಸಾಹುಕಾರ್ರ ಹತ್ರ ಹೋಗ್ರಪ್ಪ, ಅವ್ರು ಮಾಡಿಸ್ಕೊಡ್ತಾರೆ,” ಎನ್ನುತ್ತಿದ್ದ. ವ್ಯಂಗ್ಯವಿಲ್ಲದೆ, ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗೆ. ಚುನಾವಣೆಗೆ ಸಾಹುಕಾರರೇ ನಿಂತರು. ಕಾಲಿಗೆ ಬೀಳಲು ಮನೆಗೆ ಬಂದರು. ಅಪ್ಪ ತಲೆ ಮುಟ್ಟಿ ಕಳಿಸಿದ. ಜಗಲಿ ಖಾಲಿಯಾಯಿತು. ಅಮ್ಮ ಮೊದಮೊದಲು, “ಈಗ ನೆಮ್ಮದಿ,” ಎಂದಳು. ಆಮೇಲೆ ಅವಳೂ ಅದನ್ನು ಅನ್ನುವುದು ಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಚಾಚಾನ ಚರಕದ ಮನೆಗೆ ಹೋದೆ. ಅವನು ಕುದಿಯುವ ನೀರಿನ ಬಾಣಲೆಯಲ್ಲಿ ಗೂಡು ತಿರುವುತ್ತಾ ಎಳೆ ಹುಡುಕುತ್ತಿದ್ದ. ಸತ್ತ ಹುಳುವಿನ ವಾಸನೆ.

“ನೀನೂ ಎರಡು ಬೆರಳು ಹಿಡಿದೆಯಲ್ಲ ಚಾಚಾ.”

ಅವನು ತಲೆ ಎತ್ತಲಿಲ್ಲ. “ನೋಡ್ದಾ ಅವ್ನು?”

“ನೋಡ್ದ.”

“ನಂಗೊತ್ತಿತ್ತು ಬೇಟಾ. ಒಂದ್ ಮಾತು ಕೇಳು. ಟವಲ್ ಕೆಳಗೆ ಕೈ ಹಾಕಿದ್ರೆ ನಾವೇನ್ ಹೇಳ್ತೀವಿ? ಈ ಗೂಡು ನಂಗಿಷ್ಟ ಅಂತ ಹೇಳ್ತೀವಾ? ಇದು ಈವತ್ತು ಎಷ್ಟಕ್ಕೆ ಹೋಗುತ್ತೆ, ಅದನ್ನ ಹೇಳ್ತೀವಿ. ಹುಟ್ಟಿದಾಗಿಂದ ಅದೇ ಅಭ್ಯಾಸ. ಆ ಪೇಪರ್‌ನವನು ಯಾರು ಇಷ್ಟ ಅಂದ. ಕೈ ಒಳಗೆ ಹೋಯ್ತು. ಯಾರು ಗೆದ್ದು ಹೋಗ್ತಾರೆ ಈ ಸಲ ಅಂತ ಕೈಯೇ ಲೆಕ್ಕ ಹಾಕ್ತು. ಸಾಹುಕಾರ್ರು ಹೋಗ್ತಾರೆ, ಅದ್ರಲ್ಲಿ ಅನುಮಾನ ಏನಿದೆ? ಹಿಡಿದ್ಬಿಟ್ಟೆ. ಎಲ್ರೂ ಅಷ್ಟೇ ಮಾಡಿರೋದು. ನಿಮ್ಮಪ್ಪನ ಮೇಲೆ ಯಾರ್ಗೂ ಏನೂ ಇಲ್ಲ.”

“ಒಂದು ಬೆರಳು ಹಿಡಿಯೋಕಾಗ್ಲಿಲ್ವಾ ನಿಂಗೆ?”

“ಸುಳ್ಳು ಬೆಲೆ ಹಿಡ್ದು ಅಭ್ಯಾಸ ಇಲ್ವಲ್ಲೋ,” ಎಂದ.

ನನಗೆ ಅರ್ಥವಾಯಿತು. ಸಿಟ್ಟು ಇಳಿಯಲಿಲ್ಲ, ಆದರೆ ಅರ್ಥವಾಯಿತು. ಅಪ್ಪ ಟವಲು ಹರಡಿದಾಗಲೇ ಪ್ರಶ್ನೆ ಬೇರೆಯಾಗಿತ್ತು. ಅವನು ಮರ್ಯಾದೆ ಕೇಳಿದ್ದ. ಇವರು ದರ ಹೇಳಿದ್ದರು. ಬೇರೆ ಊರಿನಲ್ಲಿ ಹೀಗೆ ಆಗುತ್ತಿರಲಿಲ್ಲ.

“ಇದನ್ನ ನೀನೇ ಬಂದು ಅಪ್ಪಂಗೆ ಹೇಳು,” ಎಂದೆ.

ಅವತ್ತು ಸಂಜೆಯೇ ಬಂದ. ಜಗಲಿಯ ಮೇಲೆ ಅಪ್ಪನ ಎದುರು ಕೂತು, ನನಗೆ ಹೇಳಿದ್ದನ್ನೇ ಹೇಳಿದ. ನನಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ಅಪ್ಪ ಪೂರ್ತಿ ಕೇಳಿದ.

“ಊರಲ್ಲಿ ನಿನ್ನಂಥವನು ಇನ್ನೊಬ್ಬ ಇಲ್ಲ ಕಣೋ,” ಎಂದ ಚಾಚಾ. “ನನ್ನ ಮಕ್ಕಳ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ.”

“ಹೂಂ.”

“ಹೂಂ ಅಂದ್ರೆ? ನಂಬ್ತೀಯೋ ಇಲ್ವೋ?”

“ನೀನು ಬಾಯಲ್ಲಿ ಹೇಳ್ತಿದೀಯ,” ಎಂದ ಅಪ್ಪ. ಧ್ವನಿಯಲ್ಲಿ ಏನೂ ಇರಲಿಲ್ಲ.

“ಬಾಯಲ್ಲಲ್ದೆ ಇನ್ನೆಲ್ಲಿ ಹೇಳ್ಲಿ? ತಾ ನಿನ್ನ ಕೈ. ಈಗ್ಲೇ ಹಿಡಿದು ತೋರಿಸ್ತೀನಿ.”

“ಈಗ ಹಿಡಿದ್ರೆ ಗೊತ್ತಿದ್ದು ಹಿಡಿದಂಗೆ. ಬಿಡೋ. ನಿಂದೇನೂ ತಪ್ಪಿಲ್ಲ.”

ಚಾಚಾ ಅತ್ತ. ಗಡ್ಡ ಬಿಳಿಯಾದವನು, ಬೀದಿಗೆ ಕಾಣುವ ಹಾಗೆ ಕೂತು ಅತ್ತ. “ಒಂದ್ಸಲ ಬೈಯೋ ನನ್ನ,” ಎಂದ. “ಕತ್ತೆ ಅನ್ನು, ಏನಾದ್ರೂ ಅನ್ನು.” ಅಪ್ಪ ಒಳಗೆ ತಿರುಗಿ, ಚಾಚಾನಿಗೆ ಟೀ ತರುವಂತೆ ಅಮ್ಮನಿಗೆ ಹೇಳಿದ.

ನಾನು ಅವನನ್ನು ಬೀದಿಯ ತುದಿಯವರೆಗೆ ಬಿಡಲು ಹೋದೆ. “ಏನ್ ಮಾಡಿದ್ರೆ ನಂಬ್ತಾನೆ ಬೇಟಾ?” ಎಂದು ಕೇಳಿದ.

ಚಾಚಾ ಈಗಲೂ ಬರುತ್ತಾನೆ. ಅಪ್ಪ ಸರಿದು ಜಾಗ ಬಿಡುತ್ತಾನೆ. ಗೂಡಿನ ದರ ಮಾತಾಡುತ್ತಾರೆ, ಮಳೆ ಮಾತಾಡುತ್ತಾರೆ. ಅಪ್ಪ ಅವನನ್ನು ಈಗ ಬಹುವಚನದಲ್ಲಿ ಮಾತಾಡಿಸುತ್ತಾನೆ, ಬನ್ನಿ, ಕೂತ್ಕೊಳ್ಳಿ. ಅಷ್ಟು ಮರ್ಯಾದೆ.